14 ಸಾವಿರದ ಕೆಲಸಕ್ಕೆ ಹೋಗಲೋ, ಬೇಡವೋ?

ಮೇ, ಜೂನ್ ಬಂದರೆ ನನಗೆ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ಪರೀಕ್ಷೆ ಮುಗಿದಿರುತ್ತದೆ. ಮನೆಯಲ್ಲಿ 'ಮುಂದೇನು ಮಾಡ್ತಿ' ಎಂಬ ಮಾತು ಶುರುವಾಗಿರುತ್ತದೆ. ಈ ಸಲ ಗದಗ, ಹಾವೇರಿ, ಧಾರವಾಡ ಮೂರೂ ಕಡೆಯಿಂದ ಮೊದಲ ಕೆಲಸದ ಬಗ್ಗೆಯೇ ಪತ್ರಗಳು ಜಾಸ್ತಿ. ಹಾಗಾಗಿ ಮದುವೆ, ಆಸ್ತಿ, ಅತ್ತೆ-ಸೊಸೆ ವಿಚಾರದ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಬರೆದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಬೆಟಗೇರಿಯವನು. ಈ ವರ್ಷ ಬಿ.ಕಾಂ. ಮುಗಿಯಿತು. ಹುಬ್ಬಳ್ಳಿಯಲ್ಲಿ ಔಷಧದ ಸಗಟು ವ್ಯಾಪಾರಿಯೊಬ್ಬರ ಹತ್ತಿರ ಬಿಲ್ಲಿಂಗ್ ಕೆಲಸ ಸಿಕ್ಕಿದೆ. ತಿಂಗಳಿಗೆ 14 ಸಾವಿರ. ನಮ್ಮಪ್ಪ ಕೈಮಗ್ಗದ ನೇಕಾರರು. 'ಡಿಗ್ರಿ ಓದಿ ಬಿಲ್ ಹರಿಯಾಕ ಹೊಂಟೀಯೇನು' ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಗೆಳೆಯ 22 ಸಾವಿರದ ಕೆಲಸ ಕೊಡಿಸುತ್ತೇನೆ ಬಾ ಎನ್ನುತ್ತಾನೆ. ಯಾವ ಕೆಲಸ ಅಂತ ಸರಿಯಾಗಿ ಹೇಳುವುದಿಲ್ಲ. ಹುಬ್ಬಳ್ಳಿಯಾದರೆ ದಿನಾ ರೈಲಿನಲ್ಲಿ ಓಡಾಡಬೇಕು. ಇಂಥ ಸಣ್ಣ ಕೆಲಸದಿಂದ ಮುಂದೆ ಏನಾದರೂ ಆಗುತ್ತದೆಯೇ?
– ಓದುಗ, ಬೆಟಗೇರಿ

ಉತ್ತರ: ಹೋಗು ತಮ್ಮಾ. ಆದರೆ ಸುಮ್ನೆ ಹೋಗಬೇಡ. ಅಲ್ಲಿ ಏನೇನು ಕಲಿಯಲಿಕ್ಕೆ ಇದೆ ಎಂದು ಗೊತ್ತುಮಾಡಿಕೊಂಡು ಹೋಗು.

ಮೊದಲ ಕೆಲಸವನ್ನು ನಮ್ಮ ಮಂದಿ ಸಂಬಳ ನೋಡಿ ಅಳೆಯುತ್ತಾರೆ. ಇಲ್ಲದಿದ್ದರೆ ಬಾಗಿಲ ಮೇಲಿನ ಬೋರ್ಡು ನೋಡಿ ಅಳೆಯುತ್ತಾರೆ. ನಾನು ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಬಹಳ ವರ್ಷ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜಾಗದಲ್ಲಿ ಇದ್ದವಳು. ಎದುರಿಗೆ ಕೂತ ಹುಡುಗ ಎಲ್ಲಿ ಕೆಲಸ ಮಾಡಿದ್ದ ಅನ್ನುವುದನ್ನು ಒಂದು ಸಲ ನೋಡಿ ಬಿಟ್ಟುಬಿಡುತ್ತಿದ್ದೆ. ಅವನ ಕೈಯಿಂದ ಏನೇನು ಹಾದುಹೋಗಿದೆ ಅನ್ನುವುದನ್ನು ಮಾತ್ರ ಬಿಡದೆ ಕೇಳುತ್ತಿದ್ದೆ. ದೊಡ್ಡ ಕಂಪನಿಯಲ್ಲಿ ಎರಡು ವರ್ಷ ಒಂದೇ ಪರದೆಯ ಮೇಲೆ ಒಂದೇ ಗುಂಡಿ ಒತ್ತಿದವರು ಬರುತ್ತಿದ್ದರು. ಸಣ್ಣ ಅಂಗಡಿಯಲ್ಲಿ ಖರೀದಿಯಿಂದ ವಸೂಲಿವರೆಗೆ ಎಲ್ಲಾ ಕಂಡವರೂ ಬರುತ್ತಿದ್ದರು. ಲೆಕ್ಕಪತ್ರದ ಕೆಲಸಕ್ಕೆ ನಾನು ಎರಡನೆಯವರನ್ನೇ ಆರಿಸುತ್ತಿದ್ದೆ.

ಈಗ ನಿನ್ನ ಬಿಲ್ಲಿಂಗ್ ಮೇಜಿಗೆ ಬರೋಣ. ಔಷಧದ ಬಿಲ್ಲು ಅಂದರೆ ಹೆಸರು, ದರ ಹೊಡೆದು ಪ್ರಿಂಟ್ ಕೊಡುವುದಷ್ಟೇ ಅಲ್ಲ. ಪ್ರತಿ ಸಾಲಿಗೂ ಬ್ಯಾಚ್ ನಂಬರ್ ಬೇಕು, ಎಕ್ಸ್‌ಪೈರಿ ಬೇಕು. ಮೊದಲು ಅವಧಿ ಮುಗಿಯುವ ಮಾಲು ಮೊದಲು ಹೊರಗೆ ಹೋಗಬೇಕು. ತೆಗೆದುಕೊಳ್ಳುವ ಅಂಗಡಿಯವರ ಡ್ರಗ್ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಇನ್ಸುಲಿನ್ ಥರದ್ದು 2ರಿಂದ 8 ಡಿಗ್ರಿ ತಂಪಿನಲ್ಲೇ ಹೋಗಬೇಕು. ಹತ್ತಕ್ಕೆ ಒಂದು ಫ್ರೀ ಅನ್ನುವ ಸ್ಕೀಮು ಬಂದಾಗ ನಿಜವಾದ ದರ ಎಷ್ಟಾಯಿತು ಎಂದು ಲೆಕ್ಕ ಹಾಕಬೇಕು. 2025ರ ಸೆಪ್ಟೆಂಬರ್ 22ರಂದು ಬಹುತೇಕ ಔಷಧಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಅವತ್ತು ಗೋದಾಮಿನಲ್ಲಿ ಇದ್ದದ್ದು ಶೇ. 12 ಕೊಟ್ಟು ತಂದ ಹಳೇ ಮಾಲು. ಬಿಲ್ಲು ಮಾತ್ರ ಹೊಸ ದರದಲ್ಲೇ ಹಾಕಬೇಕು. ಆ ವಾರ ಬಿಲ್ಲಿಂಗ್ ಮೇಜಿನ ಹಿಂದೆ ಇದ್ದ ಹುಡುಗರು ಜಿಎಸ್‌ಟಿಯನ್ನು ಪುಸ್ತಕದಿಂದ ಕಲಿತಿಲ್ಲ. ಅವರಿಗೆ ಅದು ಜನ್ಮದಲ್ಲಿ ಮರೆಯುವುದಿಲ್ಲ.

ಬಿಲ್ಲು ಕಲಿಯಲು ನಿನಗೆ ಹೆಚ್ಚು ದಿನ ಬೇಕಾಗುವುದಿಲ್ಲ. ಆಮೇಲೆ ಸುಮ್ಮನೆ ಕೂಡಬೇಡ. ಅಂಗಡಿಯಲ್ಲಿ ಯಾರಿಗೂ ಬೇಡವಾದ ಕೆಲಸ ಒಂದು ಇರುತ್ತದೆ: ಎಕ್ಸ್‌ಪೈರಿ ವಾಪಸಾತಿ. ಮೆಡಿಕಲ್ ಶಾಪುಗಳಿಂದ ಅವಧಿ ಮುಗಿದ ಮಾತ್ರೆ, ಒಡೆದ ಬಾಟಲಿ ಚೀಲದಲ್ಲಿ ಬಂದು ಬೀಳುತ್ತವೆ. ಅವನ್ನು ಬ್ಯಾಚ್‌ವಾರು ಬೇರೆ ಮಾಡಿ, ಯಾವ ಕಂಪನಿ ಎಷ್ಟು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತದೆ ನೋಡಿ, ಅಂಗಡಿಯವರ ಲೆಕ್ಕಕ್ಕೆ ಅಷ್ಟು ರೊಕ್ಕ ಜಮಾ ತೋರಿಸುವ ಕ್ರೆಡಿಟ್ ನೋಟ್ ಹಾಕಿ, ಕಂಪನಿಯಿಂದ ನಮಗೆ ಬರಬೇಕಾದದ್ದನ್ನು ಬೆನ್ನು ಹತ್ತಿ ತರಿಸಬೇಕು. ಧೂಳಿನ ಕೆಲಸ. ಮಾಲೀಕರ ದುಡ್ಡು ಸೋರುವುದು ಅಲ್ಲಿಯೇ. ಅದನ್ನು ನೀನಾಗಿ ಕೇಳಿ ತೆಗೆದುಕೋ. ಆರು ತಿಂಗಳಲ್ಲಿ ಮಾಲೀಕರು ನಿನ್ನನ್ನು ಹೆಸರು ಹಿಡಿದು ಕರೆಯುತ್ತಾರೆ.

ಅಲ್ಲಿಂದ ಬಾಕಿ ಪಟ್ಟಿ ಕೇಳು. ಅಲ್ಲಿಂದ ಬ್ಯಾಂಕ್ ತಾಳೆ ನೋಡುವುದನ್ನು ಕೇಳು. 11ನೇ ತಾರೀಖಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯ ಪಟ್ಟಿ 2ಬಿ ಬರುತ್ತದೆ, 20ಕ್ಕೆ ತೆರಿಗೆ ಕಟ್ಟುವ 3ಬಿ. ಈ ಮೂರು ತಾರೀಖಿನ ನಡುವೆ ಅಕೌಂಟೆಂಟ್ ಏನು ಒದ್ದಾಡುತ್ತಾರೆ ಎಂದು ಪಕ್ಕದಲ್ಲಿ ನಿಂತು ನೋಡು. ಬೇಡ ಎಂದು ಯಾರೂ ಹೇಳುವುದಿಲ್ಲ. ಕೇಳುವವರು ಇಲ್ಲ, ಅದೇ ಸಂಗತಿ.

ನನ್ನದೇ ಹೇಳುತ್ತೇನೆ. ಲಕ್ಷ್ಮೇಶ್ವರದಿಂದ ಬಂದು ಹುಬ್ಬಳ್ಳಿಯಲ್ಲಿ ಓದು ಮುಗಿಸಿ ನಾನು ಮೊದಲು ಸೇರಿದ್ದು ದಾಜಿಬಾನ್ ಪೇಟೆಯ ಬಟ್ಟೆಯ ಸಗಟು ಅಂಗಡಿಗೆ. ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುವ ಕೆಲಸ. ಆಗ ಕಂಪ್ಯೂಟರ್ ಇರಲಿಲ್ಲ. ಕೆಂಪು ಬಟ್ಟೆಯ ಪುಸ್ತಕಗಳು. ಅಲ್ಲಿ ಲೆಕ್ಕ ನೋಡುವ ಹಿರಿಯ ಗುಮಾಸ್ತರು, ದಿವಾಣಜಿ, ವಯಸ್ಸಾದವರು, ಮಾತು ಕಡಿಮೆ. ರೊಕ್ಕ ತಾಳೆಯಾಗದೆ ಯಾರೂ ಚಪ್ಪಲಿ ಹಾಕುವಂತಿರಲಿಲ್ಲ. ನಾಲ್ಕಾಣೆ ವ್ಯತ್ಯಾಸ ಬಂದರೂ ಇಡೀ ದಿನದ ಜಮಾ-ಖರ್ಚು ಮತ್ತೆ ಮೇಲಿನಿಂದ ನೋಡಬೇಕು. ನಾಲ್ಕಾಣೆ ನಾನೇ ಕೊಡುತ್ತೇನೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ನಾಲ್ಕಾಣೆಯ ಹಿಂದೆ ನಾಲ್ಕು ಸಾವಿರದ ತಪ್ಪು ಕೂತಿರಬಹುದು, ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ನಾಲ್ಕಾಣೆಯಷ್ಟೇ ಹೊರಗೆ ಕಾಣುತ್ತಿರಬಹುದು ಎನ್ನುತ್ತಿದ್ದರು.

ಅವರ ಹತ್ತಿರ ಕಲಿತದ್ದರಲ್ಲಿ ಬಹಳ ಬೆಲೆಯುಳ್ಳದ್ದು ಉದ್ರಿ ಖಾತೆ ಓದುವುದು. ಗಿರಾಕಿ ಮುಳುಗುವ ಮೊದಲು ಖಾತೆ ಹೇಳುತ್ತದೆ. ಇಲ್ಲಿಯವರೆಗೆ ಬಿಲ್ಲು ಬಿಲ್ಲಿಗೆ ಸರಿಯಾಗಿ ರೊಕ್ಕ ಕಳಿಸುತ್ತಿದ್ದವರು ಒಮ್ಮೆಗೇ 'ಐದು ಸಾವಿರ ಜಮಾ ಮಾಡಿಕೊಳ್ಳಿ' ಎಂದು ದುಂಡು ಮೊತ್ತ ಕೊಡಲು ಶುರುಮಾಡುತ್ತಾರೆ. ಹಳೇ ಬಾಕಿ ಹಾಗೇ ಇರುವಾಗ ಯಾವತ್ತೂ ಇಲ್ಲದಷ್ಟು ದೊಡ್ಡ ಆರ್ಡರು ಬರುತ್ತದೆ. ಚೆಕ್ಕಿನ ತಾರೀಖು ಮುಂದೆ ಮುಂದೆ ಹೋಗುತ್ತದೆ. ಇವು ಮೂರೂ ಒಟ್ಟಿಗೆ ಕಂಡರೆ ದಿವಾಣಜಿ ಪೆನ್ಸಿಲಿನಿಂದ ಹೆಸರಿನ ಪಕ್ಕ ಸಣ್ಣ ಗೆರೆ ಎಳೆಯುತ್ತಿದ್ದರು. ಮುಂದೆ ಕಾರ್ಖಾನೆಯ ಸಂದರ್ಶನದಲ್ಲಿ ನನ್ನನ್ನು ಕೇಳಿದ ಪ್ರಶ್ನೆಯೇ ಅದು: ಪಾರ್ಟಿ ರೊಕ್ಕ ಕೊಡುವುದಿಲ್ಲ ಎಂದು ಮೊದಲೇ ಹೇಗೆ ಗೊತ್ತಾಗುತ್ತದೆ? ನನ್ನ ಜೊತೆ ಬಂದವರಲ್ಲಿ ನನಗಿಂತ ಹೆಚ್ಚು ಅಂಕದವರು ಇದ್ದರು. ಉತ್ತರ ನನ್ನ ಹತ್ತಿರ ಇತ್ತು. ಬಟ್ಟೆ ಅಂಗಡಿಯಲ್ಲಿ ಕಲಿತದ್ದು ವಾಲ್ವ್ ಕಾರ್ಖಾನೆಗೆ ಬಂತು ನೋಡು.

ನಿಮ್ಮಪ್ಪನ ಮಾತಿಗೆ ಸಿಟ್ಟಾಗಬೇಡ. ಮಗ ಚೆನ್ನಾಗಿರಲಿ ಎಂದೇ ಅಂದದ್ದು ಅದು. ಅವರ ಹತ್ತಿರ ಕೂತು, ಮಗ್ಗದ ಗುಂಡಿಗೆ ಇಳಿಯುವ ಮೊದಲು ನೀವು ಎಷ್ಟು ದಿನ ಕಂಡಿಕೆ (ನೂಲಿನ ಸಣ್ಣ ಉರುಳೆ) ಸುತ್ತಿದಿರಿ ಎಂದು ಕೇಳು. ಕಂಡಿಕೆ ಸುತ್ತುವಾಗಲೇ ನೂಲಿನ ಬಿಗಿ ಕೈಗೆ ಹತ್ತುವುದು. ನೇಕಾರರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಬೆಂಗಳೂರಿನದನ್ನು ಪೂರಾ ತೆಗೆದುಹಾಕಬೇಡ. ಗೆಳೆಯನಿಗೆ ಮೂರು ವಿಷಯ ಕೇಳು. ಕೆಲಸ ಏನು, ಸಂಬಳ ಕೊಡುವುದು ಕಂಪನಿಯೋ ಏಜೆನ್ಸಿಯೋ, ಪಿಎಫ್ ಇದೆಯೋ ಇಲ್ಲವೋ. ಒಳ್ಳೆಯ ಲೆಕ್ಕಪತ್ರದ ಕೆಲಸವಾಗಿದ್ದರೆ ನಾನೂ ಹೋಗು ಎನ್ನುತ್ತೇನೆ. ಯಾವ ಕೆಲಸ ಎಂದೇ ಹೇಳದಿದ್ದರೆ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು 22 ಸಾವಿರದಲ್ಲಿ ಕೈಗೆ ಉಳಿಯುವುದು ಎಷ್ಟು ಎಂದು ಕೂತು ಲೆಕ್ಕ ಹಾಕು. ಮನೆಯ ಊಟ ಮಾಡಿಕೊಂಡು ಗದಗದಿಂದ ಸೀಸನ್ ಪಾಸಿನಲ್ಲಿ ಓಡಾಡಿದರೆ ಉಳಿಯುವುದಕ್ಕಿಂತ ಅದು ಬಹಳ ದೊಡ್ಡದಿರಲಾರದು. ಸುಮಾರು 60 ಕಿಲೋಮೀಟರಿನ ದಾರಿ. ಸಾವಿರಾರು ಮಂದಿ ದಿನಾ ಮಾಡುತ್ತಾರೆ.

ಇನ್ನು ಕಾಗದದ ಮಾತು. ಇದನ್ನು ನಮ್ಮ ಹುಡುಗರು ಕೇಳಲು ಸಂಕೋಚ ಪಡುತ್ತಾರೆ. ಸೇರುವ ದಿನ ನೇಮಕಾತಿ ಪತ್ರ ಕೇಳು. ಸಂಬಳ ಬ್ಯಾಂಕಿಗೆ ಬರಲಿ. 10 ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಯಾದರೆ ನೌಕರರ ವಿಮೆ, ಇಎಸ್‌ಐ, ಬರುತ್ತದೆ. ನಿನ್ನ 14 ಸಾವಿರಕ್ಕೆ ಶೇ. 0.75ರಂತೆ ತಿಂಗಳಿಗೆ 105 ರೂಪಾಯಿ ಕಡಿತ, ಮಾಲೀಕರು ಶೇ. 3.25 ಹಾಕುತ್ತಾರೆ. ಮನೆಯವರ ಆಸ್ಪತ್ರೆ ಖರ್ಚಿಗೂ ಅದು ಆಗುತ್ತದೆ. 20 ಮಂದಿ ಇದ್ದರೆ ಪಿಎಫ್. ಅದರ ಜೊತೆ ನಿನ್ನ ಪಿಎಫ್ ಖಾತೆಯ ಗುರುತಿನ ಯುಎಎನ್ ನಂಬರ್ ಬರುತ್ತದೆ. ಮುಂದೆ ಎಷ್ಟು ಕೆಲಸ ಬದಲಿಸಿದರೂ ಆ ನಂಬರ್ ಬದಲಾಗದು. ಯಾವ ವರ್ಷ ಎಲ್ಲಿ ಇದ್ದೆ ಎಂಬುದಕ್ಕೆ ಅದೇ ದಾಖಲೆ. ಅಂಗಡಿ ಮುಂಗಟ್ಟಿನ ಕೆಲಸಕ್ಕೆ ಸರ್ಕಾರ ಕನಿಷ್ಠ ವೇತನ ಗೊತ್ತುಮಾಡಿದೆ, ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ. ನಿನ್ನ ಕೆಲಸಕ್ಕೆ ಈಗ ಎಷ್ಟಿದೆ ಎಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೋ. ಅದಕ್ಕಿಂತ ಕಡಿಮೆ ಕೊಟ್ಟು 'ಕಲಿಯಾಕ ಸಿಗತೈತಲ್ಲ' ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಲಿಕೆಯ ಹೆಸರಿನಲ್ಲಿ ಹುಡುಗರ ಕೂಲಿ ಮುರಿಯುವುದು ತಪ್ಪು, ಅದನ್ನು ಎಷ್ಟು ಪ್ರೀತಿಯಿಂದ ಹೇಳಿದರೂ ತಪ್ಪೇ.

ಎಷ್ಟು ದಿನ ಇರಬೇಕು? ಹೊಸದೇನೂ ಕಲಿಯದೆ ತಿಂಗಳು ಕಳೆಯಲು ಶುರುವಾದರೆ ಬೇರೆ ಕೆಲಸ ಕೊಡಿ ಎಂದು ಕೇಳು. ಎರಡು ಸಲ ಕೇಳಿದರೂ ಕೊಡದಿದ್ದರೆ ಹುಡುಕಲು ಶುರುಮಾಡು. ಬಿಡುವಾಗ ಅನುಭವ ಪತ್ರ ಪಡೆದು, ನಗುತ್ತಾ ನಮಸ್ಕಾರ ಹೇಳಿ ಬಿಡು. ಹುಬ್ಬಳ್ಳಿಯ ಪೇಟೆ ದೊಡ್ಡದು ಅನ್ನಿಸುತ್ತದೆ, ಆದರೆ ಮಾಲೀಕರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ನನ್ನ ಮಗ ಐಟಿಐ ಫಿಟ್ಟರ್ ಪಾಸಾಗಿದ್ದಾನೆ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ಸಿಕ್ಕಿದೆ. ಬರುವುದು ಸ್ಟೈಪೆಂಡ್ ಅಷ್ಟೇ. ನಮ್ಮ ಮನೆಯವರು 'ಫೈನಾನ್ಸ್‌ನವರ ವಸೂಲಿ ಕೆಲಸಕ್ಕೆ ಹೋಗಲಿ, ಬೈಕ್ ಇದ್ದರೆ ಅದರ ಎರಡು ಪಟ್ಟು ಸಿಗುತ್ತದೆ' ಎನ್ನುತ್ತಾರೆ. ಮನೆಯಲ್ಲಿ ಸಾಲವೂ ಇದೆ. ಏನು ಮಾಡಲಿ?
– ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ತಂಗೀ, ಸಾಲ ಇರುವ ಮನೆಯಲ್ಲಿ ಒಂದು ವರ್ಷ ಕಡಿಮೆ ರೊಕ್ಕಕ್ಕೆ ಮಗನನ್ನು ಕಳಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಹಾಗಿದ್ದರೂ ಅಪ್ರೆಂಟಿಸ್‌ಗೆ ಕಳಿಸಿ ಎಂದೇ ಹೇಳುತ್ತೇನೆ. ಮೊದಲು ಒಂದನ್ನು ಖಾತ್ರಿ ಮಾಡಿಕೊಳ್ಳಿ. ಅದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ, ಸರ್ಕಾರದ ಪೋರ್ಟಲ್‌ನಲ್ಲಿ ಕರಾರು ನೋಂದಣಿಯಾಗಿ ನಡೆಯುವುದೋ, ಇಲ್ಲಾ ಬರೀ ಬಾಯಿಮಾತಿನ 'ಟ್ರೈನಿ'ಯೋ? ಕಾಯ್ದೆಯ ಪ್ರಕಾರದ್ದಾದರೆ ಕೊನೆಗೆ ಪರೀಕ್ಷೆ ಇರುತ್ತದೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತದೆ. ಅದು ದೇಶದಲ್ಲಿ ಎಲ್ಲಿ ಹೋದರೂ ನಡೆಯುತ್ತದೆ. ಬಾಯಿಮಾತಿನದಾದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಇರುವುದಿಲ್ಲ, ಆಗ ನಿಮ್ಮ ಮನೆಯವರು ಹೇಳಿದ್ದೇ ಸರಿಯಾಗುತ್ತದೆ.

ಐಟಿಐನಲ್ಲಿ ಹುಡುಗರು ಅರ (ಫೈಲ್) ತಿಕ್ಕುವುದನ್ನು, ಅಳತೆಯ ವರ್ನಿಯರ್ ಹಿಡಿಯುವುದನ್ನು ಕಲಿತಿರುತ್ತಾರೆ. ಕಾರ್ಖಾನೆಗೆ ಬಂದಾಗ ಮೊದಲ ತಿಂಗಳು ಅವರಿಗೆ ಕೊಡುವುದು ಅಂಚಿನಲ್ಲಿ ಉಳಿದ ಚೂಪು ಲೋಹ, 'ಬರ್', ತೆಗೆಯುವ ಕೆಲಸ, ತೊಳೆಯುವ ಕೆಲಸ, ಮಾಲು ಎತ್ತಿಡುವ ಕೆಲಸ. ಮನೆಗೆ ಬಂದು 'ಅವ್ವಾ, ನನ್ನ ಕಡೆ ಬರೀ ಕಸ ಹೊಡಸ್ತಾರ' ಅನ್ನುತ್ತಾರೆ. ಸ್ವಲ್ಪ ದಿನ ತಡೆದುಕೊಳ್ಳಲು ಹೇಳಿ. ಬರ್ ತೆಗೆಯುವ ಹುಡುಗನ ಬೆರಳಿಗೆ ಯಾವ ಅಂಚು ಸರಿ, ಯಾವುದು ಸರಿ ಇಲ್ಲ ಎಂದು ತಿಳಿಯುತ್ತಾ ಬರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಜೋಡಿಸಿದ ವಾಲ್ವನ್ನು ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ವಾಲ್ವಿನ ಹೊರ ಕವಚಕ್ಕೆ ಗೊತ್ತುಮಾಡಿದ ಒತ್ತಡದ ಒಂದೂವರೆ ಪಟ್ಟು, ಒಳಗೆ ಮುಚ್ಚಿಕೊಳ್ಳುವ ಸೀಟಿಗೆ 1.1 ಪಟ್ಟು. ಹನಿ ಎಲ್ಲಿಂದ ಜಿನುಗುತ್ತಿದೆ ಎಂದು ಕಂಡುಹಿಡಿಯುವುದರಲ್ಲಿ ಮುಂದೆ ಇರುತ್ತಿದ್ದವರು ಆರು ತಿಂಗಳು ಬರ್ ತೆಗೆದ ಹುಡುಗರೇ. ಯಾವ ಅಂಚಿನಲ್ಲಿ ತಪ್ಪಿರಬಹುದು ಎಂದು ಅವರ ಕೈ ಮೊದಲೇ ಹೇಳುತ್ತಿತ್ತು. ಅವರಲ್ಲಿ ಕೆಲವರು ಈಗ ಗುಣಮಟ್ಟ ವಿಭಾಗದಲ್ಲಿ ದೊಡ್ಡ ಜವಾಬ್ದಾರಿಯಲ್ಲಿ ಇದ್ದಾರೆ.

ಇನ್ನೊಂದು ದಾರಿಯೂ ನೋಡಿ. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪ್‌ಗೂ ಅಪ್ರೆಂಟಿಸ್ ಅರ್ಜಿ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ, ಐಟಿಐ ಅಂಕಗಳ ಮೇಲೆ ಆಯ್ಕೆ. ಅಪ್ರೆಂಟಿಸ್ ಮುಗಿಸಿದರೆ ರೈಲ್ವೆ ನೌಕರಿ ತಾನಾಗಿ ಬರುವುದಿಲ್ಲ, ಪರೀಕ್ಷೆ ಬರೆಯಲೇಬೇಕು. ಆದರೆ ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮೊದಲ ಹಂತದ (ಲೆವೆಲ್-1) ನೇಮಕಾತಿಯಲ್ಲಿ ಶೇ. 20 ಹುದ್ದೆ ಮೀಸಲಿದೆ. ಪ್ರಕಟಣೆ ಬಂದಾಗ ಕಣ್ಣಿಟ್ಟಿರಲಿ.

ವಸೂಲಿ ಕೆಲಸವನ್ನು ನಾನು ಕೀಳು ಎನ್ನುವುದಿಲ್ಲ. ಅದರಿಂದ ಮೇಲೆ ಬಂದವರೂ ಇದ್ದಾರೆ. ನಿಮ್ಮ ಮಗ ಎರಡು ವರ್ಷ ಕೈಯಿಂದ ಕಲಿತದ್ದು ಮಾತ್ರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಮತ್ತು ಫಿಟ್ಟರ್ ಕೆಲಸ ಬಿಟ್ಟರೆ ಕೈ ಬೇಗ ಮರೆಯುತ್ತದೆ. ಸಾಲದ ಕಂತು ನಿಜವಾಗಿಯೂ ಕಟ್ಟಲಾಗದ ಸ್ಥಿತಿಯಾದರೆ ಮತ್ತೆ ಬರೆಯಿರಿ, ಬೇರೆ ಏನಾದರೂ ಯೋಚನೆ ಮಾಡೋಣ.

ಪ್ರಶ್ನೆ: ಯುವನಿಧಿಯ 3 ಸಾವಿರ ಬರುತ್ತಿದೆ. ಕೆಲಸಕ್ಕೆ ಸೇರಿದರೆ ಅದು ನಿಲ್ಲುತ್ತದೆ. ಪೂರ್ತಿ ಎರಡು ವರ್ಷ ತೆಗೆದುಕೊಂಡು ಆಮೇಲೆ ಸೇರುವುದು ಜಾಣತನವೇ?
– ಓದುಗ, ಹಾನಗಲ್

ಉತ್ತರ: ಅಲ್ಲ. ಆ ರೊಕ್ಕ ಕೊಡುತ್ತಿರುವುದು ಕೆಲಸ ಹುಡುಕುವಾಗ ಬಸ್ಸಿಗೆ, ಅರ್ಜಿಗೆ, ಊಟಕ್ಕೆ ಆಗಲಿ ಎಂದು. ಅದಕ್ಕೆ ಬಳಸು. ಕೆಲಸ ಸಿಕ್ಕ ದಿನ ಬಿಟ್ಟುಬಿಡು. ಎರಡು ವರ್ಷ ಮನೆಯಲ್ಲಿ ಇದ್ದು ಬಂದವರಿಗೆ ಮೊದಲ ಕೆಲಸ ಕೊಡಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಅದರ ನಷ್ಟ ತಿಂಗಳಿಗೆ 3 ಸಾವಿರಕ್ಕಿಂತ ಎಷ್ಟೋ ಜಾಸ್ತಿ.

ಪ್ರಶ್ನೆ: ಬೆಂಗಳೂರಿನ ಕಂಪನಿಯಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಫೋನ್ ಬಂತು. ಸಂದರ್ಶನ ವಾಟ್ಸಾಪಿನಲ್ಲೇ ಮುಗಿಯಿತು. ಲ್ಯಾಪ್‌ಟಾಪ್, ಐಡಿ ಕಾರ್ಡಿಗೆ 5 ಸಾವಿರ ಡೆಪಾಸಿಟ್ ಕಳಿಸಲು ಹೇಳುತ್ತಿದ್ದಾರೆ. ಕಳಿಸಲೇ?
– ಓದುಗಿ, ಮುಂಡರಗಿ

ಉತ್ತರ: ಒಂದು ರೂಪಾಯಿಯನ್ನೂ ಕಳಿಸಬೇಡವ್ವಾ. ಕೆಲಸ ಕೊಡುವವರು ನಿನಗೆ ರೊಕ್ಕ ಕೊಡಬೇಕು, ನಿನ್ನಿಂದ ಕೇಳಬಾರದು. ಆಧಾರ್, ಬ್ಯಾಂಕ್ ವಿವರ ಈಗಾಗಲೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸು. ರೊಕ್ಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡು. ಗೆಳತಿಯರಿಗೂ ಹೇಳು, ಇಂಥ ಕರೆ ಒಬ್ಬರಿಗೇ ಬರುವುದಿಲ್ಲ.

ಪ್ರಶ್ನೆ: ನನಗೆ 31 ವರ್ಷ. ಬಿ.ಎ. ಆಗಿದೆ. ಊರು ಗದಗ ತಾಲ್ಲೂಕು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಆರು ವರ್ಷದಿಂದ ಎಫ್‌ಡಿಎ, ಪಿಡಿಒ, ಕೆಎಎಸ್‌ಗೆ ಓದುತ್ತಿದ್ದೇನೆ. ಒಮ್ಮೆ ಪ್ರಿಲಿಮ್ಸ್ ಪಾಸಾಗಿದ್ದೆ. ಈಗ ಮನೆಯಿಂದ ರೊಕ್ಕ ಕೇಳಲು ನಾಚಿಕೆ. ಈ ವಯಸ್ಸಿನಲ್ಲಿ ಹತ್ತು-ಹದಿನೈದು ಸಾವಿರದ ಕೆಲಸಕ್ಕೆ ಇಪ್ಪತ್ತೆರಡರ ಹುಡುಗರ ಜೊತೆ ನಿಲ್ಲುವುದು ಹೇಗೆ?
– ಓದುಗ, ಧಾರವಾಡ

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಮನಸ್ಸಿಗೆ ಬಹಳ ನೋವಾಯಿತು. ಸಪ್ತಾಪುರದ ಸ್ಟಡಿ ಸೆಂಟರುಗಳಲ್ಲಿ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುವುದನ್ನು ಕಂಡಿದ್ದೇನೆ. ಅಲ್ಲಿ ಕೂತವರು ಸೋಮಾರಿಗಳಲ್ಲ. 2024ರ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸರ್ಕಾರ ತಡೆದದ್ದು ನಿನ್ನ ತಪ್ಪಲ್ಲ. ಅದರಿಂದ ನಿನ್ನಂಥ ಎಷ್ಟೋ ಮಂದಿಯ ವರ್ಷಗಳು ಹೋದವು. ಆದ್ದರಿಂದ ನಾಚಿಕೆಯ ಮಾತು ಬೇಡ.

ಓದು ಬಿಡು ಎಂದು ನಾನು ಹೇಳುವುದಿಲ್ಲ. ಓದಿನ ಪಕ್ಕದಲ್ಲಿ ಒಂದು ಕೆಲಸ ಇಟ್ಟುಕೋ ಎನ್ನುತ್ತೇನೆ. ಆ ಕೆಲಸ ನೀನು ಓದುತ್ತಿರುವುದಕ್ಕೆ ಹತ್ತಿರ ಇರಲಿ. ಕಣಗಿನಹಾಳ, 1905, ದೇಶದ ಮೊದಲ ಸಹಕಾರ ಸಂಘಗಳಲ್ಲಿ ಒಂದು: ಇದನ್ನು ನೀನು ಎಷ್ಟು ಸಲ ಬಾಯಿಪಾಠ ಮಾಡಿರಬೇಕು! ನಿನ್ನದೇ ತಾಲ್ಲೂಕಿನ ಊರು. ಅಂಥ ಒಂದು ಪತ್ತಿನ ಸಂಘದ ಒಳಗೆ ಕೂತು ಸಾಲದ ಅರ್ಜಿ, ಜಾಮೀನು, ಉತಾರ, ಕಂತು, ವಾರ್ಷಿಕ ಸಭೆಯ ನಡಾವಳಿ ನೋಡಿದ್ದೀಯಾ? ಸಂಘಗಳಿಗೆ ಕನ್ನಡದಲ್ಲಿ ತಪ್ಪಿಲ್ಲದೆ ನಡಾವಳಿ ಬರೆಯುವವರು ಸಿಗುತ್ತಿಲ್ಲ. ನೀನು ಆರು ವರ್ಷ ಕನ್ನಡ ವ್ಯಾಕರಣ, ಪ್ರಬಂಧ ಓದಿದವನು. ಗುಮಾಸ್ತಿಕೆಗೆ ಕೇಳು.

ಇಲ್ಲವೇ ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ ನೋಡು. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ ಅರ್ಜಿ ಎಲ್ಲಾ ಅಲ್ಲಿ ಬರುತ್ತವೆ. ಪಿಡಿಒ ಆಗಬೇಕು ಅನ್ನುವವನು ಅಲ್ಲಿ ಒಂದು ವರ್ಷ ಕೂತರೆ, ವಿಧವಾ ವೇತನದ ಅರ್ಜಿ ಯಾವ ಕಾಗದವಿಲ್ಲದೆ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದಲ್ಲಿ ಕೊಡಬೇಕು ಎನ್ನುವುದು ಸಕಾಲ ಕಾಯ್ದೆ 2011 ಎಂದು ಬರೆದರೆ ಒಂದು ಅಂಕ ಬರುತ್ತದೆ. ಸಕಾಲದ ದಿನ ಮುಗಿದರೂ ಕಾಗದ ಸಿಗದ ಅಜ್ಜಿಗೆ ಮೇಲ್ಮನವಿ ಬರೆದುಕೊಟ್ಟರೆ ಆ ಕಾಯ್ದೆ ನಿನ್ನದಾಗುತ್ತದೆ.

ಖಾಸಗಿ ಕೆಲಸದ ಸಂದರ್ಶನಕ್ಕೆ ಹೋದರೆ ಆರು ವರ್ಷವನ್ನು ಮುಚ್ಚಿಡಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸ ಕೊಡುವವರಿಗೆ ಸಪ್ತಾಪುರ ಗೊತ್ತು. 'ಇಷ್ಟು ವರ್ಷ ಓದಿದೆ, ಪ್ರಿಲಿಮ್ಸ್ ಪಾಸಾದೆ, ಈಗ ಕೆಲಸಕ್ಕೆ ಬಂದಿದ್ದೇನೆ' ಎಂದು ನೇರವಾಗಿ ಹೇಳು. ಅವರಿಗಿರುವ ಅನುಮಾನ ನಿನ್ನ ವಯಸ್ಸಿನ ಬಗ್ಗೆ ಅಲ್ಲ. ಅಧಿಸೂಚನೆ ಬಂದ ಮರುದಿನ ಬಿಟ್ಟು ಹೋಗುತ್ತಾನಾ ಎಂಬುದೇ ಅವರ ಚಿಂತೆ. ಎಷ್ಟು ದಿನ ಖಂಡಿತ ಇರುತ್ತೀ ಎಂದು ನೀನೇ ಮುಂದಾಗಿ ಹೇಳು, ಹೇಳಿದಷ್ಟು ದಿನ ಇರು. ಇಪ್ಪತ್ತೆರಡರ ಹುಡುಗರ ಜೊತೆ ನಿಲ್ಲುವುದು ಮೊದಲ ವಾರ ಮುಜುಗರ. ಆಮೇಲೆ ಅವರೇ ನಿನ್ನನ್ನು 'ಅಣ್ಣಾ, ಈ ಅರ್ಜಿ ನೋಡು' ಎಂದು ಕರೆಯುತ್ತಾರೆ.

ಪ್ರಶ್ನೆ: ಪಿಯುಸಿ ಆದಮೇಲೆ ಬ್ಯಾಡಗಿ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರಲ್ಲಿ ಎರಡು ವರ್ಷ ಬರೆಯುವ ಕೆಲಸ ಮಾಡಿದೆ. ಈಗ ದೂರ ಶಿಕ್ಷಣದಲ್ಲಿ ಬಿ.ಕಾಂ. ಮಾಡುತ್ತಿದ್ದೇನೆ. ಹುಬ್ಬಳ್ಳಿಯ ಮಸಾಲೆ ಕಂಪನಿಯೊಂದಕ್ಕೆ ಅರ್ಜಿ ಹಾಕಬೇಕು. ಬಯೋಡೇಟಾದಲ್ಲಿ 'ಅನುಭವ' ಎಂಬಲ್ಲಿ ಏನು ಬರೆಯಲಿ? ಮೆಣಸಿನಕಾಯಿ ಅಂಗಡಿಯಲ್ಲಿ ಪಟ್ಟಿ ಬರೆಯುತ್ತಿದ್ದೆ ಎಂದರೆ ನಗುವುದಿಲ್ಲವೇ?
– ಓದುಗಿ, ಬ್ಯಾಡಗಿ

ಉತ್ತರ: ನಗುವವರು ಮಸಾಲೆ ಕಂಪನಿಯಲ್ಲಿ ಇರಲಾರರು ತಂಗಿ. ಅವರಿಗೆ ಬೇಕಾದದ್ದೇ ನಿನ್ನ ಹತ್ತಿರ ಇದೆ!

ಎರಡು ವರ್ಷ ಎಂದರೆ ಎರಡು ಹಂಗಾಮು ಕಂಡಿದ್ದೀ. ಚೀಲ ಬಂದು ಇಳಿಯುತ್ತವೆ, ಲಾಟ್ ನಂಬರ್ ಹಚ್ಚುತ್ತೀರಿ, ಖರೀದಿದಾರರು ಕೈಯಲ್ಲಿ ಹಿಡಿದು ಬಣ್ಣ, ಸುಕ್ಕು, ತೇವ ನೋಡುತ್ತಾರೆ, ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ದರ ಒಪ್ಪಿದ ಮೇಲೆ ತೂಕ. ಆಮೇಲೆ ನೀನು ಪಟ್ಟಿ ಬರೆದು ರೈತರ ಕೈಗೆ ಕೊಡಬೇಕು. ಮೆಣಸಿನಕಾಯಿ ತಳಿಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಕಣ್ಣಿನಿಂದ ಹೇಳುವ ನಿನ್ನ ವಯಸ್ಸಿನವರು ಹುಬ್ಬಳ್ಳಿಯ ಕಾಲೇಜುಗಳಲ್ಲಿ ಎಷ್ಟು ಮಂದಿ ಸಿಕ್ಕಾರು? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದೇ ಅದಕ್ಕೆ ಬೇಡಿಕೆ. ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳೂ ಅದಕ್ಕೇ ಕೊಳ್ಳುತ್ತವೆ. ಬೇರೆ ಕಡೆಯ ಕಾಯಿ ಬ್ಯಾಡಗಿ ಹೆಸರಿನಲ್ಲಿ ಬೆರೆತು ಬಂದರೆ ಕಂಪನಿಯ ಖರೀದಿ ವಿಭಾಗಕ್ಕೆ ಲಕ್ಷಗಳ ಪೆಟ್ಟು. ಅದನ್ನು ಗುರುತಿಸುವ ಕಣ್ಣು ಬೆಲೆಬಾಳುವ ಕಣ್ಣು.

ಮತ್ತೊಂದನ್ನು ನೀನು ಬರೆದಿಲ್ಲ, ನಾನು ಊಹಿಸುತ್ತೇನೆ. ದರ ಬಿದ್ದ ದಿನ ರೈತರು ಬೈದದ್ದು ಮೊದಲು ನಿನ್ನ ಮೇಜಿನ ಎದುರಿಗೇ ಇರಬೇಕು. ಅಲ್ವಾ? ದರ ನಿನ್ನ ಕೈಯಲ್ಲಿ ಇರಲಿಲ್ಲ. ಆದರೂ ಅವರನ್ನು ಕೂರಿಸಿ, ನೀರು ಕೊಟ್ಟು, ತೂಕ ಎಷ್ಟು, ಹಮಾಲಿ ಎಷ್ಟು, ಕೈಗೆ ಎಷ್ಟು ಎಂದು ಬಿಡಿಸಿ ಹೇಳಿರುತ್ತೀ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಸಂದರ್ಶನದಲ್ಲಿ ಅಂಥ ಒಂದು ದಿನ ನೆನಪು ಮಾಡಿಕೊಂಡು ಪೂರ್ತಿ ಹೇಳು.

ಬಯೋಡೇಟಾದಲ್ಲಿ 'ದಲಾಲಿ ಅಂಗಡಿಯಲ್ಲಿ ಕೆಲಸ' ಎಂದು ಒಂದೇ ಸಾಲು ಬರೆದು ಬಿಡಬೇಡ. ಹೀಗೆ ಬರೆ: 'ಬ್ಯಾಡಗಿ ಎಪಿಎಂಸಿಯ ಕಮಿಷನ್ ಏಜೆಂಟ್ ಅಂಗಡಿಯಲ್ಲಿ ಲೆಕ್ಕ ಸಹಾಯಕಿ, ಎರಡು ಹಂಗಾಮು. ಒಣ ಮೆಣಸಿನಕಾಯಿ ಲಾಟ್‌ಗಳ ನೋಂದಣಿ, ಇ-ಟೆಂಡರ್ ದರ ದಾಖಲು, ತೂಕದ ಚೀಟಿ ತಾಳೆ, ರೈತರ ಲೆಕ್ಕದ ಪಟ್ಟಿ, ಪಾವತಿ. ಡಬ್ಬಿ, ಕಡ್ಡಿ ತಳಿಗಳ ಗುರುತು, ಬಣ್ಣ ಮತ್ತು ತೇವ ನೋಡುವ ಅನುಭವ.' ಮಾರ್ಕೆಟ್ ದಿನಗಳಲ್ಲಿ ನಿಮ್ಮ ಅಂಗಡಿಗೆ ಸರಾಸರಿ ಎಷ್ಟು ಚೀಲ ಬರುತ್ತಿದ್ದವು ಎಂದು ಹಳೇ ಪುಸ್ತಕ ನೋಡಿ ಆ ಅಂಕಿಯನ್ನೂ ಸೇರಿಸು. ನೋಡಿಯೇ ಬರೆ, ಅಂದಾಜಿನ ಮೇಲೆ ಬೇಡ. ಮಾಲೀಕರಿಂದ ಅವರ ಲೆಟರ್‌ಹೆಡ್ಡಿನಲ್ಲಿ ಒಂದು ಅನುಭವ ಪತ್ರ ಬರೆಸಿಕೋ. ಹಂಗಾಮಿನಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ, ಈಗಲೇ ಹೋಗು.

ಬರೆದ ಬಯೋಡೇಟಾದ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ನನಗೂ ಕಳಿಸು. ತಿದ್ದಿ ವಾಪಸು ಕಳಿಸುತ್ತೇನೆ.